ಬೀರಪ್ಪನ ಕಣ್ಣಳತೆ

ಸುಕನ್ಯಾ ಚಾಚಿದ ಕೈಯನ್ನು ಬೀರಪ್ಪ ನೋಡಲೇ ಇಲ್ಲ.

೨೦೦೬ರ ಮಳೆಗಾಲದ ಒಂದು ಭಾನುವಾರ. ಹುಬ್ಬಳ್ಳಿ ವಿದ್ಯಾನಗರದ ಕಾಲೇಜೊಂದರ ಸಭಾಂಗಣದಲ್ಲಿ ಅವಳು ಅವನ ಪಕ್ಕದ ಕುರ್ಚಿಯಲ್ಲಿ ಕೂತು ಒಂದು ಸಿಡಿಯನ್ನು ಅವನತ್ತ ಹಿಡಿದಿದ್ದಳು. ಅವನು ನೆಟ್ಟಗೆ ವೇದಿಕೆಯನ್ನೇ ನೋಡುತ್ತಿದ್ದ. ಕೈ ಗಾಳಿಯಲ್ಲೇ ಉಳಿಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸುಕನ್ಯಾಳ ಕಿವಿ ಬಿಸಿಯಾಯಿತು.

ಅವಳಿ ನಗರದ ಓಪನ್ ಸೋರ್ಸ್ ಹುಚ್ಚಿನ ಒಂದಷ್ಟು ಮಂದಿ ಸೇರಿ ಹೊಸಬರಿಗೆಂದೇ ಇಟ್ಟ ಸ್ಪರ್ಧೆ ಅದು. ಯಾರು ಬೇಕಾದರೂ ಬಿಚ್ಚಿ ನೋಡಿ, ತಿದ್ದಿ, ಮತ್ತೆ ಎಲ್ಲರಿಗೂ ಹಂಚಬಹುದಾದ ಒಂದು ತಂತ್ರಾಂಶವನ್ನು ಆರಿಸಿಕೊಳ್ಳಬೇಕು. ಇಬ್ಬಿಬ್ಬರು ಜೊತೆಯಾಗಿ ದೀಪಾವಳಿಯೊಳಗೆ ಅದಕ್ಕೆ ಏನಾದರೂ ಹೊಸದನ್ನು ಸೇರಿಸಬೇಕು. ಜೋಡಿಗಳನ್ನು ಸಂಘಟಕರೇ ಮಾಡಿದ್ದರು. ಧಾರವಾಡದಲ್ಲಿ ಎಂಸಿಎ ಓದುತ್ತಿದ್ದ ಸುಕನ್ಯಾಳಿಗೆ ಸಿಕ್ಕವನು ಈ ಬೀರಪ್ಪ. ಡಿಗ್ರಿ ಮುಗಿಸಿ ಸಪ್ತಾಪುರದಲ್ಲಿ ಹುಡುಗರಿಗೆ ಕಂಪ್ಯೂಟರ್ ಟ್ಯೂಶನ್ ಹೇಳುತ್ತಿದ್ದ, ಎತ್ತರದ, ಮಾತು ಕಡಿಮೆಯ ಹುಡುಗ.

ಸಂಘಟಕರು ಜೋಡಿಗೊಂದರಂತೆ ಹಂಚಿದ ಆ ಸಿಡಿಯನ್ನು ಅವಳು ಅವನ ತೊಡೆಯ ಮೇಲೆ ಇಟ್ಟೇಬಿಟ್ಟಳು. ಅವನು ಬೆಚ್ಚಿ ಇಡೀ ಮುಖವನ್ನು ಅವಳ ಕಡೆ ತಿರುಗಿಸಿದ.

"ತಪ್ಪ ತಿಳಕೋಬ್ಯಾಡ್ರಿ. ಕಾಣಲಿಲ್ಲ."

"ಇಷ್ಟ ದೊಡ್ಡ ಹುಡಿಗಿ ಬಾಜೂಕ ಕುಂತಿದ್ದು ಕಾಣಲಿಲ್ಲೇನ್ರಿ?"

"ಈಗ ಕಾಣಾಕತ್ತೀರಿ," ಎಂದ.

ಹಾಗೆಂದವನು ನೋಟವನ್ನು ತೆಗೆಯಲಿಲ್ಲ. ಮೊದಲು ಅವಳ ಹಣೆ, ಆಮೇಲೆ ಕಣ್ಣು, ಆಮೇಲೆ ಮೂಗುಬೊಟ್ಟು. ಒಂದೊಂದನ್ನೂ ಬೇರೆ ಬೇರೆಯಾಗಿ, ನಿಧಾನವಾಗಿ ನೋಡಿದ. ಹಾಗೆ ಅವಳನ್ನು ಯಾರೂ ನೋಡಿರಲಿಲ್ಲ. ಸಿಟ್ಟನ್ನು ಹಿಡಿದಿಟ್ಟುಕೊಳ್ಳಲು ಅವಳು ಬಹಳ ಪ್ರಯತ್ನಪಟ್ಟಳು. ಆಗಲಿಲ್ಲ.

ಅವಳಿಗೆ ಆಟದ ತಂತ್ರಾಂಶ ಮಾಡುವ ಆಸೆಯಿತ್ತು. ಬೀರಪ್ಪ ಒಪ್ಪಲಿಲ್ಲ. ತೆರೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ತಂತ್ರಾಂಶ ಇತ್ತು. ಅದಕ್ಕೆ ಇಂಗ್ಲಿಷ್ ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಅದಕ್ಕೆ ಕನ್ನಡ ಕಲಿಸೋಣ ಎಂದ. ಇದು ಯಾರಿಗೆ ಬೇಕು ಎಂದು ಅವಳು ಕೇಳಿದ್ದಕ್ಕೆ, ಬೇಕಾಗುತ್ತದೆ ಯಾರಿಗಾದರೂ, ಎಂದಷ್ಟೇ ಹೇಳಿ ಮುಖ ತಗ್ಗಿಸಿದ.

ಬೀರಪ್ಪನ ತಾಯಿ ದುರಗವ್ವ ಸಪ್ತಾಪುರದ ಬಾಡಿಗೆ ಕೋಣೆಗಳ ಹುಡುಗರಿಗೆ ರೊಟ್ಟಿ ಬಡಿದು ಕೊಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮಗನನ್ನು ಓದಿಸಿದ್ದು ಅದರಿಂದಲೇ. ಸುಕನ್ಯಾ ಕ್ಲಾಸು ಮುಗಿಸಿ, ಬೈರಿದೇವರಕೊಪ್ಪದ ಮನೆಗೆ ಹೋಗುವ ಬಸ್ಸು ಹತ್ತುವ ಮುಂಚೆ ಅವರ ಮನೆಗೆ ಬರುತ್ತಿದ್ದಳು. ಒಳಗೆ ರೊಟ್ಟಿ ಬಡಿಯುವ ಸದ್ದು. ಪಡಸಾಲೆಯಲ್ಲಿ ಬೀರಪ್ಪ ಬಿಡಿಭಾಗ ತಂದು ತಾನೇ ಜೋಡಿಸಿದ ಕಂಪ್ಯೂಟರು.

ಮೊದಮೊದಲು ಅದರ ಕನ್ನಡ ಕೇಳಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಒತ್ತಕ್ಷರ ಬಂದಲ್ಲೆಲ್ಲ ಅದು ಎಡವುತ್ತಿತ್ತು. 'ಅಕ್ಕ' ಎಂದು ಬರೆದರೆ 'ಅ, ಕ, ಕ' ಎಂದು ಕೆಮ್ಮುತ್ತಿತ್ತು. ಅದು ತನ್ನ ಹೆಸರನ್ನೂ ಮುರಿದು ಓದಿದ್ದನ್ನು ಕೇಳಿ ದುರಗವ್ವ ಹಿಟ್ಟಿನ ಕೈಯಲ್ಲೇ ಹೊರಬಂದು, ಯಾರೋ ಪರದೇಶಿ ಬಂದು ಕರೆದಂತಾಯಿತು ಎಂದಳು.

ಒಂದು ಸಂಜೆ ಸುಕನ್ಯಾ ಬಂದಾಗ ಬೀರಪ್ಪ ಕೀಲಿಮಣೆಯ ಮೇಲೆ ಒಂದು ಗುಂಡಿ ಒತ್ತಿದ. "ಸುಕನ್ಯಾ," ಎಂದಿತು ಯಂತ್ರ. ಎಲ್ಲಿಯೂ ಮುರಿಯದೆ, ನುಣ್ಣಗೆ.

ಉಳಿದ ಒತ್ತಕ್ಷರಗಳೆಲ್ಲ ಸರಿಯಾದವೇ ಎಂದು ಕೇಳಿದಳು.

"ಇನ್ನೂ ಇಲ್ಲರಿ. ಮೊದಲ ಇದೊಂದ ಮಾಡೇನಿ."

ಮತ್ತೆ ಅದೇ ನೋಟ. ಇಡೀ ಮುಖವನ್ನು ತಿರುಗಿಸಿ, ರೆಪ್ಪೆ ಮಿಟುಕಿಸದೆ. ಸುಕನ್ಯಾ ತೆರೆಯ ಮೇಲಿನ ಸಾಲುಗಳನ್ನು ನೋಡುವವಳಂತೆ ನಟಿಸಿದಳು. ಒಂದು ಸಾಲೂ ತಲೆಗೆ ಹೋಗಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಕೂತಾಗ, ನವಲೂರು ದಾಟಿದ್ದೂ ತಿಳಿಯಲಿಲ್ಲ.

ದಸರೆ ಹತ್ತಿರವಾಗಿತ್ತು. ಒಂದು ಸಂಜೆ ಅವಳನ್ನು ಬಸ್‌ಸ್ಟಾಪಿಗೆ ಬಿಡಲು ಬೀರಪ್ಪ ಜೊತೆಗೆ ಹೊರಟ. ಓಣಿಯ ತಿರುವಿಗೆ ಬರುವಷ್ಟರಲ್ಲಿ ಕರೆಂಟು ಹೋಯಿತು. ದಾರಿಯ ನಡುವೆ ಒಂದು ಆಕಳು ಮಲಗಿತ್ತು. ಸುಕನ್ಯಾ ಬಳಸಿಕೊಂಡು ಹೋದಳು. ಬೀರಪ್ಪ ನೇರ ಅದರ ಮೇಲೆ ಹೋಗಿ ಬಿದ್ದ.

ಅವಳು ನಕ್ಕಳು. ಆಕಳೂ ಕಾಣಲಿಲ್ಲವೇ ಎಂದು ಛೇಡಿಸಿದಳು. ಅವನು ನಗಲಿಲ್ಲ. ಎದ್ದು, ಒಂದು ಕೈಯನ್ನು ಮುಂದೆ ಚಾಚಿ, ಪಕ್ಕದ ಕಂಪೌಂಡ್ ಗೋಡೆಯನ್ನು ತಡಕಿದ. ಗೋಡೆ ಅವನಿಗೆ ಒಂದು ಮಾರಿನಷ್ಟೇ ದೂರದಲ್ಲಿತ್ತು. ಆ ಕೈ ಅದನ್ನು ಹುಡುಕಿದ ರೀತಿ ನೋಡಿ ಸುಕನ್ಯಾಳ ನಗು ನಿಂತಿತು.

"ಸುತ್ತಲಿಂದ ಕತ್ತಲಿ ಬರಾಕತ್ತೈತ್ರಿ," ಎಂದ ಅವನು, ಗೋಡೆಗೆ ಒರಗಿ. "ನಡುವ ಒಂದೀಟ ಉಳದೈತಿ. ಸಂಜೀ ಆತಂದ್ರ ಅದೂ ಇಲ್ಲ."

ಅವನ ಸೋದರಮಾವನಿಗೂ ಹೀಗೇ ಆಗಿತ್ತಂತೆ. ಕಣ್ಣೊಳಗಿನ ಪರದೆ ಅಂಚಿನಿಂದ ಒಣಗುತ್ತ ಬರುವ ಕಾಯಿಲೆ. ಔಷಧವಿಲ್ಲ. ಎಷ್ಟು ಕಾಲ ಉಳಿಯುತ್ತದೆಂದು ಡಾಕ್ಟರು ಹೇಳಿರಲಿಲ್ಲ, ಉಳಿಯುವುದಿಲ್ಲ ಎಂದು ಮಾತ್ರ ಹೇಳಿದ್ದರು. ತಾಯಿಯ ಹೊರತು ಯಾರಿಗೂ ಗೊತ್ತಿಲ್ಲ, ಗೊತ್ತಾದರೆ ಟ್ಯೂಶನ್ನಿಗೆ ಯಾರೂ ಬರುವುದಿಲ್ಲ, ನೀವೂ ಯಾರ ಮುಂದೆಯೂ ಹೇಳಬಾರದು ಎಂದು ಅವನು ಆಣೆ ಹಾಕಿಸಿಕೊಂಡ. ಕಣ್ಣು ಪೂರ್ತಿ ಹೋಗುವ ಮೊದಲು ಕಂಪ್ಯೂಟರಿಗೆ ಕನ್ನಡ ಓದಲು ಬಂದುಬಿಟ್ಟರೆ ತಾನು ಬದುಕಬಲ್ಲೆ ಎಂದ. ಬಹಳ ಸಾಮಾನ್ಯ ಮಾತಿನಂತೆ ಹೇಳಿದ.

ಅಂದು ಬಸ್ಸಿನಲ್ಲಿ ಸುಕನ್ಯಾಳಿಗೆ ಅವನ ಕಣ್ಣಿನ ಚಿಂತೆಯ ಜೊತೆಗೆ ಇನ್ನೊಂದು ಚಿಂತೆಯೂ ಹತ್ತಿಕೊಂಡಿತು. ಅದಕ್ಕಾಗಿ ತನ್ನ ಮೇಲೆ ತನಗೇ ನಾಚಿಕೆಯಾಯಿತು. ಇಡೀ ಮುಖ ತಿರುಗಿಸಿ ಅವನು ತನ್ನನ್ನು ನೋಡುತ್ತಿದ್ದುದು ಪ್ರೀತಿಯಿಂದಲೋ? ಅಥವಾ ಹಾಗೆ ತಿರುಗದೆ ಅವನಿಗೆ ಏನೂ ಕಾಣುತ್ತಿರಲಿಲ್ಲವೆಂದೋ? ಆಟೋ, ಆಕಳು, ಗೋಡೆಗಳನ್ನೂ ಅವನು ಹೀಗೇ ನೋಡುತ್ತಿದ್ದನೇ?

ಮರುದಿನ ಅವಳು ತಡೆಯಲಾರದೆ ಹೇಳಿಬಿಟ್ಟಳು. ಕಣ್ಣು ಇರಲಿ ಬಿಡಲಿ, ತನಗೆ ಅವನೊಬ್ಬನೇ ಬೇಕು ಎಂದಳು. ಪಡಸಾಲೆಯಲ್ಲಿ ಯಂತ್ರದ ಫ್ಯಾನು ಗುಂಯ್‌ಗುಡುತ್ತಿತ್ತು. ಬೀರಪ್ಪ ತಿರುಗಲಿಲ್ಲ. ಅವಳು ಮಾತಾಡಿದಾಗ ಅವನು ಮುಖ ತಿರುಗಿಸದಿದ್ದುದು ಅದೇ ಮೊದಲು.

"ನಾಳೆಯಿಂದ ಬರಬ್ಯಾಡ್ರಿ," ಎಂದ.

ಉಳಿದ ಕೆಲಸವನ್ನು ಅವಳು ಡಿಪಾರ್ಟ್‌ಮೆಂಟಿನ ಲ್ಯಾಬಿನಲ್ಲಿ ಒಬ್ಬಳೇ ಮಾಡಿದಳು. ಮಾಡಿದ್ದನ್ನು ಮೇಲ್‌ನಲ್ಲಿ ಅವನಿಗೆ ಕಳಿಸಿದಳು, ಉತ್ತರ ಬರಲಿಲ್ಲ. ಫೋನು ಮಾಡಿದರೆ ದುರಗವ್ವ ಎತ್ತಿಕೊಂಡು, ಅವನು ಮಲಗಿದ್ದಾನೆ ಎನ್ನುತ್ತಿದ್ದಳು. ಹಗಲೂ ಮಲಗಿದ್ದಾನೆಯೇ ಎಂದರೆ, ಹಗಲೂ ಮಲಗಿದ್ದಾನೆ ಎನ್ನುತ್ತಿದ್ದಳು. ತೆರೆಯ ಮೇಲಿನ ಅಕ್ಷರಗಳು ಈಗ ಅವನ ಕಣ್ಣಳತೆಯೊಳಗೆ ಹಿಡಿಯುತ್ತಿರಲಿಲ್ಲ. ಒಂದು ಸಾಲಿನ ತಲೆ ಸಿಕ್ಕರೆ ಬಾಲ ಕಳೆದುಹೋಗುತ್ತಿತ್ತು. ಇದನ್ನು ಸುಕನ್ಯಾ ತಿಳಿದುಕೊಂಡದ್ದು ಬಹಳ ತಡವಾಗಿ.

ಸ್ಪರ್ಧೆಯ ಕೊನೆಯ ದಿನ ಅದೇ ಸಭಾಂಗಣದಲ್ಲಿ ಅವಳ ಪಕ್ಕದ ಕುರ್ಚಿ ಖಾಲಿಯಿತ್ತು. ವೇದಿಕೆಯ ಮೇಲೆ ಯಂತ್ರ ಕನ್ನಡ ಓದಿತು. ಕೆಲವೆಡೆ ಎಡವಿತು, ಬಹಳಷ್ಟು ಸರಿಯಾಗಿಯೇ ಓದಿತು. ತೀರ್ಪುಗಾರರಲ್ಲೊಬ್ಬರು ಮೆಚ್ಚಿ ತಲೆಯಾಡಿಸಿದರು. ಆಮೇಲೆ, ಇದನ್ನು ಬಳಸುವವರು ಯಾರು, ಅಂಥ ಒಬ್ಬರನ್ನಾದರೂ ಮಾತಾಡಿಸಿದ್ದೀರಾ ಎಂದು ಕೇಳಿದರು.

ಸುಕನ್ಯಾ ಮೈಕಿನ ಮುಂದೆ ನಿಂತಿದ್ದಳು. ಒಂದು ಹೆಸರು ನಾಲಿಗೆಯ ತುದಿಯಲ್ಲಿತ್ತು. ಆಣೆ ಮಾಡಿದ್ದಳು. ಇಲ್ಲ ಎಂದಳು. ಬಹುಮಾನ ಒಂದು ಕಾರ್ ಓಡಿಸುವ ಆಟಕ್ಕೆ ಹೋಯಿತು.

ಅದರ ಬೆನ್ನಿಗೇ ಗದಗಿನ ಸಂಬಂಧ ಬಂತು. ಸುಕನ್ಯಾಳ ತಂದೆ ನೀಲಕಂಠಪ್ಪ ಪೈಪು, ನಲ್ಲಿಗಳ ಅಂಗಡಿಯವರು. ಮಗಳ ಮೇಲೆ ದನಿ ಏರಿಸಿದವರಲ್ಲ. ಅವಳು ಅವರ ಎದುರು ಕೂತು ಬೀರಪ್ಪನ ವಿಷಯ ಎಲ್ಲ ಹೇಳಿದಳು, ಕಣ್ಣಿನದೊಂದನ್ನು ಬಿಟ್ಟು. ಜಾತಿ ಬೇರೆ ಎಂದು ಕೇಳಿ ಅವರು ಎದ್ದು ಒಳಗೆ ಹೋದರು. ಮರುದಿನ ಅಂಗಡಿಗೆ ಹೋಗುವ ಬದಲು ಧಾರವಾಡದ ಬಸ್ಸು ಹತ್ತಿದರು.

ಮಧ್ಯಾಹ್ನ ತಿರುಗಿ ಬಂದವರು ರುಮಾಲು ಬಿಚ್ಚಿ ಗೂಟಕ್ಕೆ ಸಿಗಿಸಿ, ಮಗಳನ್ನು ಕರೆದರು.

"ಹುಡುಗ ಛಲೋ ಅದಾನವಾ. ಕಣ್ಣಿಂದೂ ತಾನ ಹೇಳಿದ, ಮುಚ್ಚಿಡಲಿಲ್ಲ. ಆದ್ರ ಅವಗ ನಿನ್ನ ಮ್ಯಾಲ ಅಂಥಾದ್ದೇನೂ ಇಲ್ಲಂತ. ಸ್ಪರ್ಧಾಕ ಕೂಡಿದ್ವಿ, ಸ್ಪರ್ಧಾ ಮುಗೀತು ಅಂದ."

ಸುಕನ್ಯಾ ಅಳಲಿಲ್ಲ. ಒಳಗೆ ಏನೋ ಆರಿಹೋಯಿತು. ಗದಗಿನವರಿಗೆ ಬರಲು ಹೇಳಿ ಎಂದಳು. ಅವರು ಬಂದರು, ಒಪ್ಪಿದರು, ನಿಶ್ಚಯದ ಸಕ್ಕರೆ ಹಂಚಿಯೂ ಆಯಿತು. ಎಲ್ಲರೂ ಅವಳು ಸೊರಗಿದ್ದಾಳೆ ಎಂದರು, ಓದಿನ ತ್ರಾಸು ಎಂದು ತಾವೇ ಉತ್ತರವನ್ನೂ ಹೇಳಿಕೊಂಡರು.

ಆದರೂ ಒಂದು ಮಾತನ್ನು ಅವಳಿಗೆ ನುಂಗಲಾಗಲಿಲ್ಲ. ಒಂದು ದಿನ ಕ್ಲಾಸು ಮುಗಿಸಿದವಳು ಬಸ್‌ಸ್ಟಾಪಿಗೆ ಹೋಗದೆ ಸಪ್ತಾಪುರದ ಆ ಓಣಿಗೆ ತಿರುಗಿದಳು.

ಬೀರಪ್ಪ ಅಂಗಳದ ಕಟ್ಟೆಯ ಮೇಲೆ ಕೂತಿದ್ದ. ಗಡ್ಡ ಬೆಳೆದಿತ್ತು. ಗೇಟಿನ ಸದ್ದಿಗೆ ತಲೆಯೆತ್ತಿದ. ಹೊತ್ತು ಮುಳುಗಲು ಸ್ವಲ್ಪವೇ ಉಳಿದಿತ್ತು.

"ಅಪ್ಪಾರ ಮುಂದ ಹೇಳಿದ್ದನ್ನ ನನ್ನ ಮುಂದ ಹೇಳ್ರಿ," ಎಂದಳು ಸುಕನ್ಯಾ. "ಹೇಳಿದ್ರ ಹೋಗತೇನಿ."

ಅವನು, ಬೆಳಕಿನ ಕಡೆಗೆ ಸ್ವಲ್ಪ ಸರಿದು ನಿಲ್ಲಿರಿ ಎಂದ. ಅವಳು ಪಡುವಣಕ್ಕೆ ಮುಖ ಮಾಡಿ ನಿಂತಳು. ಅವನು ಎದ್ದು ಹತ್ತಿರ ಬಂದ. ಹಣೆಯಿಂದ ಶುರುಮಾಡಿದ. ಹುಬ್ಬು. ಹುಬ್ಬಿನ ತುದಿಯ ಮಚ್ಚೆ. ಕಣ್ಣುಗಳಲ್ಲಿ ಬಹಳ ಹೊತ್ತು ನಿಂತ. ಮೂಗು, ತುಟಿ, ಗದ್ದ. ಮುಗಿಸಿ, ಮತ್ತೆ ಹಣೆಗೆ ಹೋದ. ಅವಳು ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದಳು. ಸೂರ್ಯನ ಬೆಳಕು ಕಣ್ಣಿಗೆ ಕುಕ್ಕುತ್ತಿತ್ತು, ರೆಪ್ಪೆ ಮುಚ್ಚಲಿಲ್ಲ.

"ಮೊದಲ ಸಲ ಕಾಣಲಿ ಅಂತ ತಿರುಗಿದ್ದೆರಿ," ಎಂದ ಬೀರಪ್ಪ. "ತಿರುಗಿದ ಮ್ಯಾಲ ಕಣ್ಣ ತಗಿಯಾಕ ಆಗಲಿಲ್ಲ. ನಿಮ್ಮ ಅಪ್ಪಾರ ಮುಂದ ಸುಳ್ಳ ಹೇಳೇನಿ."

"ಹಂಗಾದ್ರ ಯಾಕ..."

"ನನ್ನ ಮುಂದ ಯಾರು ನಿಂತಾರ, ಯಾರು ಹ್ವಾದ್ರು, ನನಗ ಗೊತ್ತಾಗೂದಿಲ್ಲ ಇನ್ನ. ನೀವು ಬಾಜೂಕ ಕುಂತು ಸದ್ದಿಲ್ಲದ ಅಳತೀರಿ. ನಾ ನಗಾಕತ್ತಿರತೇನಿ. ಅದು ನನ್ನ ಕಡಿಂದ ಆಗೂದಿಲ್ಲರಿ. ನೀವು ಹೋಗ್ರಿ."

ಅವಳು ವಾದ ಮಾಡಿದಳು. ಅಳುವುದಿಲ್ಲ ಎಂದಳು, ಅತ್ತರೆ ಹೇಳಿಯೇ ಅಳುತ್ತೇನೆ ಎಂದಳು, ಗದಗಿನವರಿಗೆ ಇವತ್ತೇ ಬೇಡವೆನ್ನುತ್ತೇನೆ ಎಂದಳು. ಅವನು ಎಲ್ಲಕ್ಕೂ ಬೇಡವೆಂದು ತಲೆಯಲ್ಲಾಡಿಸಿದ. ಕೊನೆಗೆ ಎರಡೂ ಕೈ ಜೋಡಿಸಿದ. ಆ ಜೋಡಿಸಿದ ಕೈಗಳ ಮುಂದೆ ಅವಳ ಮಾತು ಮುಗಿದುಹೋಯಿತು.

ಬೀರಪ್ಪ ಕಟ್ಟೆಗೆ ತಿರುಗಿ ಹೋಗಿ ಕೂತ. ಸುಕನ್ಯಾ ಗೇಟಿನವರೆಗೆ ಬಂದು ತೆರೆದಳು. ಗೇಟು ಕಿರುಗುಟ್ಟಿತು. ದಾಟಲು ಕಾಲು ಬರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಅಲ್ಲೇ ನಿಂತಳು. ಹೊತ್ತು ಮುಳುಗಿತು. ಅಂಗಳದಲ್ಲಿ ಇನ್ನೂ ಮಬ್ಬು ಬೆಳಕಿತ್ತು, ಅವಳಿಗೆ ಅವನ ಗಡ್ಡದ ಕೂದಲೂ ಕಾಣುತ್ತಿತ್ತು.

"ಸುಕನ್ಯಾ," ಎಂದ ಅವನು.

ಗೇಟಿನ ಕಡೆಗೇ ಮುಖ ಮಾಡಿದ್ದ. ಆದರೆ ಅವನ ನೋಟ ಅವಳನ್ನು ದಾಟಿ ಎಲ್ಲೋ ಹೋಗಿತ್ತು.

"ಹೋದ್ಯಾ?"

ಇಷ್ಟು ದಿನದಲ್ಲಿ ಅವನು ಅವಳನ್ನು ಏಕವಚನದಲ್ಲಿ ಕರೆದಿರಲಿಲ್ಲ. ಸುಕನ್ಯಾ ಬಾಯಿ ತೆರೆದಳು. ದನಿ ಹೊರಡಲಿಲ್ಲ. ಅವನು ಕಿವಿಗೊಟ್ಟು ಕಾದ. ಓಣಿಯ ಆಚೆ ಯಾವುದೋ ಸ್ಕೂಟರು ಹೋಯಿತು. ಹೋದಳೆಂದು ಅವನಿಗೆ ಖಾತ್ರಿಯಾಯಿತು. ಅಂಗೈಗಳಲ್ಲಿ ಮುಖ ಹುದುಗಿಸಿ, ಭುಜ ಕುಣಿಯುವಂತೆ ಅಳತೊಡಗಿದ. ಹೋಗಬೇಡ, ಹೋಗಬೇಡ ಎಂದು ಅಂಗೈಯೊಳಗೇ ಅನ್ನುತ್ತಿದ್ದ.

ಈಗ ಅವಳಿಗೆ ದನಿ ಬಂದಿತ್ತು. ಆದರೆ ಈಗ ಕರೆದರೆ, ತಾನು ಇಷ್ಟು ಹೊತ್ತೂ ಎದುರಿಗೇ ನಿಂತು ನೋಡಿದೆನೆಂದು ಅವನಿಗೆ ತಿಳಿಯುತ್ತಿತ್ತು. ಯಾವುದಕ್ಕೆ ಹೆದರಿ ಅವನು ತನ್ನನ್ನು ಕಳಿಸಿದನೋ, ಅದನ್ನೇ ತಾನು ಅವನಿಗೆ ಮಾಡಿದಂತಾಗುತ್ತಿತ್ತು.

ಅಡುಗೆಮನೆಯ ಬಾಗಿಲಲ್ಲಿ ದುರಗವ್ವ ನಿಂತಿದ್ದಳು. ಇಬ್ಬರನ್ನೂ ನೋಡುತ್ತಿದ್ದಳು. ಕರೆಯಲಿಲ್ಲ, ಹೋಗೆಂದೂ ಅನ್ನಲಿಲ್ಲ.

ಸುಕನ್ಯಾ ಬಗ್ಗಿ, ಸದ್ದಾಗದಂತೆ ಚಪ್ಪಲಿಗಳನ್ನು ಕಳಚಿ ಕೈಯಲ್ಲಿ ಹಿಡಿದುಕೊಂಡಳು. ಗೇಟನ್ನು ತೆರೆದೇ ಬಿಟ್ಟು, ಬರಿಗಾಲಲ್ಲಿ ಓಣಿಯ ಮೊರಂ ಹರಳಿನ ಮೇಲೆ ನಡೆದಳು. ಕಲ್ಲುಗಳು ಚುಚ್ಚುತ್ತಿದ್ದವು. ಬಸ್‌ಸ್ಟಾಪಿನ ದೀಪ ಕಾಣುವವರೆಗೂ ಅವಳು ಚಪ್ಪಲಿ ಹಾಕಿಕೊಳ್ಳಲಿಲ್ಲ.