ಒಬ್ಬರೇ ಎತ್ತುವ ಜಾಕ್

ಯಲ್ಲೇಶ ಬ್ಯಾಡಗಿಗೆ ಬಂದದ್ದು ಗಾಡಿ ನೋಡಲು. ಆದರೆ ಬಾಗಿಲಲ್ಲಿ ನಿಂತಿದ್ದ ಮುದುಕಿಯ ಮುಂದೆ ಗಾಡಿ ಅನ್ನುವ ಮಾತೇ ಅವನ ಬಾಯಿಂದ ಬರಲಿಲ್ಲ.

"ನೋಡಾಕ ಬಂದೇನ್ರಿ ಅಜ್ಜಿ. ದ್ರಾಕ್ಷಾಯಿಣಿಯವರು ಅದಾರೇನ್ರಿ?"

ಮದುವೆ ವಯಸ್ಸಿನ ಹುಡುಗಿ ಇರುವ ಮನೆಗೆ ಭಾನುವಾರ ಇಸ್ತ್ರಿ ಅಂಗಿ ತೊಟ್ಟು ಬಂದವನು 'ನೋಡಾಕ ಬಂದೇನಿ' ಅಂದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ದ್ರಾಕ್ಷಾಯಿಣಿಯ ಅಜ್ಜಿ ಮೈಲವ್ವ ಅವಸರದಲ್ಲಿ ಸೆರಗು ಸರಿಮಾಡಿಕೊಂಡಳು.

"ಬಾರಪ್ಪ, ಒಳಗ ಬಾ. ಸಂಜಿಕ ಬರ್ತಾರ ಅಂದಿದ್ರು. ಲಗೂನ ಬಂದಿ, ಚಲೋ ಆತು. ಒಬ್ಬನ ಬಂದೀ?"

"ಹೌದ್ರಿ. ಸಾಮಾನು ಹೊರಗ ವ್ಯಾನಿನ್ಯಾಗ ಅದಾವ್ರಿ."

ಸಾಮಾನು ಅಂದರೆ ಹೂವು ಹಣ್ಣು ಎಂದುಕೊಂಡ ಮೈಲವ್ವ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಕೈಗೆ ಅವಲಕ್ಕಿ ತಟ್ಟೆ ಕೊಟ್ಟಳು. ಈ ಮನೆಯವರು ಅಂಗಡಿಯವನನ್ನೂ ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ಯಲ್ಲೇಶನಿಗೆ ಖುಷಿಯಾಯಿತು. ಪಾಪ, ಪ್ರೀತಿಯಲ್ಲಿ ಬಿದ್ದವನಿಗೆ ಅನುಮಾನ ಬರುವುದು ತಡ.

ರಾಣೆಬೆನ್ನೂರಿನಲ್ಲಿ ಅವನದೊಂದು ಬೈಕ್ ಸ್ಪೇರ್ ಪಾರ್ಟ್ಸ್ ಅಂಗಡಿ. ಹೋದ ವಾರ ದ್ರಾಕ್ಷಾಯಿಣಿ ಅಲ್ಲಿಗೆ ಬಂದು ಜಾಕ್ ಬೇಕೆಂದಿದ್ದಳು. ಬೀಜದ ಕಂಪನಿಯಲ್ಲಿ ಕೆಲಸ. ಬೆಂಡೆ, ಟೊಮೆಟೊ ಬೀಜದ ಹೊಲಗಳನ್ನು ಬುಲೆಟ್ ಮೇಲೆ ಸುತ್ತುತ್ತಾಳೆ. ಎರೆಮಣ್ಣು ಚೈನಿಗೆ ಮೆತ್ತುತ್ತದೆ. ತೊಳೆದು ಎಣ್ಣೆ ಬಿಡಬೇಕೆಂದರೆ ಹಿಂದಿನ ಗಾಲಿ ನೆಲ ಬಿಟ್ಟು ಮೇಲೇಳಬೇಕು. ಅವಳಿಗೆ ಗಾಡಿ ಮಾರಿದವನು, ಗಾಲಿ ಎತ್ತಿ ನಿಲ್ಲಿಸುವ ಡಬಲ್ ಸ್ಟ್ಯಾಂಡನ್ನೇ ತೆಗೆಸಿಬಿಟ್ಟಿದ್ದ.

"ವಾರ ವಾರ ಮೆಕ್ಯಾನಿಕ್ ಬಾಗಿಲಾಗ ಕುಂದ್ರಾಕ ನನಗ ಆಗೂದಿಲ್ರಿ," ಎಂದು ಒಂದೊಂದೇ ಜಾಕನ್ನು ಕೈಯಲ್ಲಿ ಎತ್ತಿ ತೂಕ ನೋಡುತ್ತಾ ಅವಳು ಹೇಳಿದ್ದಳು. ನಡುನಡುವೆ ಕಣ್ಣಂಚಿನಲ್ಲಿ ಅವನನ್ನೂ ತೂಗಿದ್ದಳು. ಅಷ್ಟಕ್ಕೇ ಯಲ್ಲೇಶ ರೇಟು ಹೇಳುವುದನ್ನು ಮರೆತು, "ಇಂಜಿನ್ ಕೆಳಗ ಎಷ್ಟು ಜಾಗ ಐತಿ, ನಿಮ್ಮ ಹಿತ್ತಲ ನೆಲ ಹೆಂಗೈತಿ ನೋಡಬೇಕ್ರಿ. ನಾನ ಮನಿಗೆ ಬರ್ತೇನಿ," ಅಂದುಬಿಟ್ಟಿದ್ದ. ಜಾಕ್ ಮಾರಲು ಅವನು ಗಿರಾಕಿಯ ಮನೆಗೆ ಹೋದದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ.

"ಆ ಗಾಡಿ ವಿಷಯ ಮನಸಿನ್ಯಾಗ ಇಟಗೋಬ್ಯಾಡಪ್ಪ," ಅಂದಳು ಮೈಲವ್ವ. "ಹಾವೇರಿಯಿಂದ ನಿಮ್ಮವ್ವ ಫೋನ್ ಮಾಡಿ ಹೇಳಿದಂಗ, ಮದಿವಿಗಿಂತ ಮೊದ್ಲ ಮಾರಿಸಿಬಿಡ್ತೇವಿ."

ಕೊನೆಯ ತುತ್ತು ನುಂಗುತ್ತಿದ್ದಂತೆ ಆ ಮಾತು ಯಲ್ಲೇಶನ ತಲೆಗೆ ಹೋಯಿತು. ತನ್ನ ಅವ್ವ ರಾಣೆಬೆನ್ನೂರಿನಲ್ಲಿ ಹಾಯಾಗಿ ಮಲಗಿದ್ದಾಳೆ. ಹಾಗಾದರೆ ಹಾವೇರಿಯಿಂದ ಇನ್ನೊಬ್ಬ ಬರುವವನಿದ್ದಾನೆ. ಅವಳ ಮದುವೆ, ಅವಳ ಗಾಡಿ, ಎರಡರ ಮಾತೂ ಮುಗಿಯುತ್ತಾ ಬಂದಿದೆ.

ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ದ್ರಾಕ್ಷಾಯಿಣಿ ಕಾಣಿಸಿದಳು. ಕೈ ಕಪ್ಪಾಗಿತ್ತು. ಕುರ್ಚಿ, ತಟ್ಟೆ, ಅಜ್ಜಿಯ ಮುಖ ಮೂರನ್ನೂ ನೋಡಿ ಅವಳಿಗೆ ಎಲ್ಲ ತಿಳಿದುಹೋಯಿತು.

"ಅಜ್ಜಿ, ಇವರು ಜಾಕಿನ ಅಂಗಡಿಯವರು. ಗಾಡಿ ಎತ್ತೋ ಸಾಮಾನು ತಂದಾರ."

ಮೈಲವ್ವ ಖಾಲಿಯಾದ ತಟ್ಟೆಯನ್ನು ನೋಡಿದಳು. "ಮತ್ತ ಅವಲಕ್ಕಿ?"

"ತಿಂದಾತ್ರಿ," ಅಂದ ಯಲ್ಲೇಶ, ತಪ್ಪಿತಸ್ಥನ ಧ್ವನಿಯಲ್ಲಿ.

ದ್ರಾಕ್ಷಾಯಿಣಿ ಮೊಣಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಹಿತ್ತಲಲ್ಲಿ ಮೊದಲು, ತಿರುಗಿಸಿದರೆ ಕತ್ತರಿಯಂತೆ ಮೇಲೇಳುವ ಕತ್ತರಿ ಜಾಕಿನ ಪರೀಕ್ಷೆ. ಯಲ್ಲೇಶ ಅದನ್ನು ಇಂಜಿನ್ ಕೆಳಗೆ ಸರಿಸಿ, ನಡುವೆ ಕಟ್ಟಿಗೆಯ ತುಂಡಿಟ್ಟು, ಗಾಡಿಯ ಹ್ಯಾಂಡಲ್ ಹಿಡಿದು ನಿಂತ. ಅವಳು ಕೆಳಗೆ ಕೂತು ಜಾಕ್ ತಿರುಗಿಸತೊಡಗಿದಳು. ಗಾಡಿ ಇಷ್ಟಿಷ್ಟೇ ಎದ್ದಿತು, ಒಮ್ಮೆ ವಾಲಿತು. ಅವನು ಬಿಗಿಯಾಗಿ ಹಿಡಿದ. ಟ್ಯಾಂಕಿನ ಆಚೆಯಿಂದ ಅವಳು ತಲೆ ಎತ್ತಿ ನೋಡಿದಳು. ಅವಳ ಹಣೆಯ ಮೇಲಿನ ಕೂದಲು ಸರಿಸಬೇಕೆನಿಸಿದರೂ ಅವನ ಎರಡು ಕೈಗಳಲ್ಲೂ ಬುಲೆಟ್ ಇತ್ತು.

"ಹಾವೇರಿಯವರು ಬರಾಕತ್ತಾರಂತಲ್ರಿ," ಅಂದ.

"ಹೂಂ. ಹುಡುಗ ಕೆಟ್ಟವನಲ್ಲಂತ. ಅಪ್ಪಗ ಮನಸೈತಿ. ನಾ ಇನ್ನೂ ಏನೂ ಅಂದಿಲ್ಲ."

"ಗಾಡಿ ಮಾರ್ತೀರೇನ್ರಿ?"

"ಮಾರೂದಿದ್ರ ಜಾಕ್ ಯಾಕ ತಗೋತಿದ್ನಿ?" ಕತ್ತರಿ ಜಾಕಿನ ಕಡೆ ಬೆರಳು ಮಾಡಿ ಕೇಳಿದಳು, "ಇದನ್ನ ತಗೊಂಡ್ರ ಹಿಡಿಯಾವ್ರು ಒಬ್ರು ಬೇಕ ಬೇಕೇನ್ರಿ?"

ವಾರಕ್ಕೊಮ್ಮೆ ನಾನೇ ಬರ್ತೇನಿ ಎನ್ನುವ ಮಾತು ಅವನ ನಾಲಿಗೆಯ ತುದಿಗೆ ಬಂದು ಕೂತಿತು. ಎಷ್ಟು ಸಲೀಸು. ಪ್ರತಿ ಭಾನುವಾರ ಈ ಹಿತ್ತಲು, ಈ ಟ್ಯಾಂಕಿನ ಆಚೆ ಈ ಕಣ್ಣುಗಳು. ಆದರೆ ಹಾವೇರಿಯವರು ಗಾಡಿ ಬಿಡು ಅನ್ನುತ್ತಾರೆ, ನಾನು ನನ್ನ ಕೈ ಇಲ್ಲದೆ ಗಾಡಿ ಏಳಬಾರದು ಅನ್ನುತ್ತೇನೆ. ಅವರಿಗೂ ನನಗೂ ಏನು ಫರಕು, ಅನಿಸಿತು. ಅವನು ಗಾಡಿಯನ್ನು ಮೆಲ್ಲಗೆ ಇಳಿಸಿ, ವ್ಯಾನಿಗೆ ಹೋಗಿ ಸೀಟಿನ ಕೆಳಗೆ ಬಚ್ಚಿಟ್ಟಿದ್ದ ಸಣ್ಣ ಸಾಮಾನೊಂದನ್ನು ತಂದ. ಮೊಣಕೈ ಉದ್ದದ ಕಬ್ಬಿಣದ ಕಾಲು, ಅದಕ್ಕೊಂದು ಹಿಡಿಕೆ, ಅಷ್ಟೇ.

"ಗಾಡಿ ಎಡಕ್ಕ ಸೈಡ್ ಸ್ಟ್ಯಾಂಡ್ ಮ್ಯಾಲ ಇರಲಿ. ಮುಂದಿನ ಬ್ರೇಕಿಗೆ ರಬ್ಬರ್ ಸುತ್ರಿ, ಗಾಡಿ ಸರಿಯೂದಿಲ್ಲ. ಇದನ್ನ ಹಿಂದಿನ ಗಾಲಿ ಪಕ್ಕ ಬಲಕ್ಕ ಕೊಟ್ಟು ಒತ್ತಿದ್ರ ಗಾಲಿ ಏಳತೈತಿ. ನೆಲ ಮೆತ್ತಗೈತಿ, ಕೆಳಗ ಹಲಗಿ ಹಾಕ್ರಿ. ಚೈನ್ ಕೆಲಸಕ್ಕ ಇಷ್ಟ ಸಾಕು. ಇದಕ್ಕ ಯಾರೂ ಬ್ಯಾಡ್ರಿ."

ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಇಂಥಾದ್ದು ಇದ್ದಿದ್ರ ಅವತ್ತ ಅಂಗಡ್ಯಾಗ ಯಾಕ ತೋರಿಸಲಿಲ್ಲ?"

"ಅವತ್ತ ತೋರಿಸಿದ್ರ ನೀವು ತಗೊಂಡು ಹೋಗಿಬಿಡ್ತಿದ್ರಿ." ಯಲ್ಲೇಶ ನೆಲ ನೋಡಿದ, ಆಮೇಲೆ ಅವಳನ್ನೇ ನೋಡಿದ. "ನೀವಂದ್ರ ನನಗ ಭಾಳ ಇಷ್ಟ್ರಿ. ಹಾವೇರಿಯವರು ಬರೂದರಾಗ ಹೇಳಬೇಕನಿಸ್ತು. ನೀವು ನನ್ನ ಒಲ್ಲೆ ಅಂದ್ರೂ ಈ ಸಣ್ಣ ಜಾಕ್ ತಗೋರಿ, ಆ ಕತ್ತರಿ ಜಾಕ್ ಬ್ಯಾಡ."

ಅವಳು ಕಪ್ಪು ಕೈಯನ್ನು ಬಟ್ಟೆಗೆ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಕಿವಿಯವರೆಗೆ ಕೆಂಪೇರಿತ್ತು.

ಒಳಗೆ ಫೋನ್ ರಿಂಗಾಗಿ, ಮೈಲವ್ವ ಅದನ್ನು ಅಂಗೈಯಿಂದ ಮುಚ್ಚಿಕೊಂಡು ಬಾಗಿಲಿಗೆ ಬಂದಳು. ಎಷ್ಟು ಕೇಳಿಸಿಕೊಂಡಿದ್ದಳೋ ಏನೋ, ಮುಖದಲ್ಲಿ ಎಲ್ಲವೂ ಇತ್ತು.

"ಹಾವೇರಿ ಹುಡುಗನ ಅವ್ವ. ಮನಿ ಬಿಡಾಕತ್ತೇವಿ, ಬರೂದಾ ಅಂತ ಕೇಳಾಕತ್ತಾರ."

"ಬ್ಯಾಡಂತ ಹೇಳು ಅಜ್ಜಿ. ಹುಡುಗಿಗೆ ಮನಸಿಲ್ಲ ಅಂತ ಹೇಳು."

"ನಿಮ್ಮಪ್ಪ ಕದರಮಂಡಲಗಿ ಗುಡಿಯಿಂದ ಬಂದ ಮ್ಯಾಲ ಏನಂತ ಹೇಳೂದು?"

"ಅಪ್ಪಗ ನಾನ ಹೇಳ್ತೇನಿ."

ಮೊಮ್ಮಗಳ ಮುಖವನ್ನು ಅಜ್ಜಿ ನಿಟ್ಟಿಸಿದಳು. ಮಾತು ಹಿಂದೆ ತೆಗೆದುಕೊಳ್ಳುವ ಮುಖವಲ್ಲ ಅದು. "ನೀ ಸ್ವಲ್ಪ ದಪ್ಪ ಆಗಬೇಕಪ್ಪ," ಎಂದು ಯಲ್ಲೇಶನಿಗೆ ಹೇಳಿ, ಫೋನನ್ನು ಕಿವಿಗಿಟ್ಟುಕೊಂಡು ಒಳಗೆ ಹೋದಳು.

ಇನ್ನೇನು ಮಾಡಬೇಕೆಂದು ತಿಳಿಯದೆ ಯಲ್ಲೇಶ ಕತ್ತರಿ ಜಾಕನ್ನು ಮಡಚಿ ಚೀಲಕ್ಕೆ ತುಂಬತೊಡಗಿದ. ದ್ರಾಕ್ಷಾಯಿಣಿ ಹಲಗೆ ಹಾಸಿ, ಸಣ್ಣ ಜಾಕನ್ನು ಗಾಲಿಯ ಪಕ್ಕಕ್ಕೆ ಕೊಟ್ಟು ಹಿಡಿಕೆ ಒತ್ತಿದಳು. ಹಿಂದಿನ ಗಾಲಿ ನೆಲ ಬಿಟ್ಟಿತು. ಬೆರಳಿನಿಂದ ತಳ್ಳಿದಳು, ಅದು ಸರಾಗವಾಗಿ ತಿರುಗಿತು.

"ಎಲ್ಲಿ ಹೊಂಟ್ರಿ?" ಕೇಳಿದಳು, ಅತ್ತ ತಿರುಗದೆಯೇ.

"ಕೆಲಸ ಮುಗೀತಲ್ರಿ. ಹಿಡಿಯೂದು ಏನೂ ಇಲ್ಲ."

"ಹಿಡಿಯಾವ್ರು ಬ್ಯಾಡ ನನಗ," ಅಂದಳು ದ್ರಾಕ್ಷಾಯಿಣಿ, ಈಗ ತಿರುಗಿ ನೇರವಾಗಿ ಅವನನ್ನೇ ನೋಡುತ್ತಾ. "ಕೆಲಸ ಇರದಿದ್ರೂ ಕುಂದರಾವ್ರು ಬೇಕು."

ಯಲ್ಲೇಶ ಚೀಲ ಕೆಳಗಿಟ್ಟು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತ.