ಪಾಳಿಯಲ್ಲಿ ನೀಲಿ ಕೊಡ

ಮೊದಲ ದಿನವೇ ಶಬನಮ್ ಅವನ ಕೊಡವನ್ನು ಕಾಲಿನಿಂದ ತಳ್ಳಿದ್ದಳು.

ರಾಣೆಬೆನ್ನೂರಿನ ಹಲಗೇರಿ ರಸ್ತೆಯ ಹಿಂದಿನ ಓಣಿಯಲ್ಲಿ ಅವಳ ಅಬ್ಬಾ ಶಮಶೇರಸಾಬನ ಚಾಳ. ಬಾಡಿಗೆ ಖೋಲಿಗಳಿಗೆಲ್ಲ ಸೇರಿ ಒಂದೇ ನಳ. ನೀರು ಬರುವ ಹಿಂದಿನ ದಿನವೇ ಕೊಡ ಇಟ್ಟು ಪಾಳಿ ಹಿಡಿಯಬೇಕು. ಆವತ್ತು ಬಾಯಿ ಒಡೆದ ನೀಲಿ ಪ್ಲಾಸ್ಟಿಕ್ ಕೊಡವೊಂದು ಅವಳ ತಾಮ್ರದ ಕೊಡದ ಮುಂದೆ ಬಂದು ಕೂತಿತ್ತು. ಯಾವ ದೊಡ್ಡ ಮನುಷ್ಯ ಇವನು ಅಂತ ತಿರುಗಿ ನೋಡಿದರೆ, ಮೊಣಕಾಲಿಗೆಲ್ಲ ಬಿಳಿ ಸಿಮೆಂಟು ಮೆತ್ತಿಕೊಂಡ ಹುಡುಗನೊಬ್ಬ ನಗುತ್ತ ನಿಂತಿದ್ದ. ಹೆಸರು ತೌಹೀದ. ಬಂಗಾಳದ ಮಾಲ್ದಾ ಕಡೆಯವನು, ಟೈಲ್ಸ್ ಕೂರಿಸುವ ಕೆಲಸ.

ಪಾಳಿಯ ನೇಮ ಅವನಿಗೆ ಹೇಳಿಕೊಟ್ಟವಳೂ ಅವಳೇ. ಈ ಚಾಳದಲ್ಲಿ ಕೊಡ ಇದ್ದರೆ ಮನುಷ್ಯ ಇದ್ದ ಹಾಗೆ. ಅವನು ಕೆಲಸಕ್ಕೆ ಹೋಗಿರಲಿ, ಮಲಗಿರಲಿ, ಅವನ ಪಾಳಿ ಅವನಿಗೇ. ಕೊಡ ಎತ್ತುವ ಹಕ್ಕು ಇರುವುದು ಶಮಶೇರಸಾಬನಿಗೆ ಮಾತ್ರ. ಮಾತು ಕಡಿಮೆಯ ಆ ಮನುಷ್ಯ ಖೋಲಿ ಬಿಡು ಎಂದು ಯಾರಿಗೂ ಬಾಯಿಬಿಟ್ಟು ಹೇಳಿದವನಲ್ಲ. ಕೊಡವನ್ನು ಪಾಳಿಯಿಂದ ಎತ್ತಿ ಪಕ್ಕಕ್ಕೆ ಇಡುತ್ತಿದ್ದ, ಅಷ್ಟೇ. ಸಂಜೆಯೊಳಗೆ ಖೋಲಿ ಖಾಲಿಯಾಗುತ್ತಿತ್ತು.

ಆ ಪಾಳಿಯನ್ನು ಒಮ್ಮೆ ನೋಡಬೇಕಿತ್ತು. ಕುಮಾರಪಟ್ಟಣದ ಫ್ಯಾಕ್ಟರಿಗೆ ಹೋಗುವ ಒಡಿಶಾದವರ ಸಿಲ್ವರ್ ಹಂಡೆ, ಬಿಹಾರಿಗಳ ಎಣ್ಣೆ ಕ್ಯಾನು, ವಾಚ್‌ಮನ್ ಕೆಲಸದ ನೇಪಾಳಿಯ ಪೇಂಟ್ ಡಬ್ಬಿ, ಕರ್ನೂಲಿನಿಂದ ಬಂದ ಗಂಡ ಹೆಂಡತಿಯ ಜೋಡಿ ಬಿಂದಿಗೆ. ಎಲ್ಲರಿಗಿಂತ ಕಡೆಗೆ, ಸಂತೆಯಲ್ಲಿ ಸೊಪ್ಪು ಮಾರುವ ಫಕ್ಕೀರವ್ವನ ಸೊಟ್ಟ ಸ್ಟೀಲ್ ಕೊಡ. ಜಗಳ ಎಲ್ಲ ಭಾಷೆಗಳಲ್ಲೂ ನಡೆಯುತ್ತಿತ್ತು. ನೀರು ಮಾತ್ರ ಎಲ್ಲರಿಗೂ ಸಿಗುತ್ತಿತ್ತು.

ತೌಹೀದನ ಹಿಂದಿಗೂ ಅವಳ ಮನೆಯ ಉರ್ದುವಿಗೂ ಹೇಗೋ ಹೊಂದಿಕೆಯಾಗುತ್ತಿತ್ತು. ಆದರೆ ಮೇಸ್ತ್ರಿ ಬೈಯುವುದು ಕನ್ನಡದಲ್ಲಿ, ಅದಕ್ಕೆ ಕನ್ನಡವನ್ನೇ ಕಲಿಸು ಎಂದು ಅವನು ಹಟ ಹಿಡಿದ. ಕಲಿತ ಮೇಲೆ ಓಣಿಯ ನಾಯಿಗೂ ‘ಬರ್ರಿ, ಕುಂದ್ರಿ’ ಅನ್ನತೊಡಗಿದ. ಶಬನಮ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ನೀರು ತುಂಬುವಾಗ ಅವನು ಅವಳ ಮುಖ ನೋಡುತ್ತಿರಲಿಲ್ಲ. ತಾಮ್ರದ ಕೊಡದ ಹೊಟ್ಟೆಯ ಮೇಲೆ ಮೂಡುವ ಅವಳ ಮುಖ ನೋಡುತ್ತಿದ್ದ. ಅದು ಗೊತ್ತಾದ ಮೇಲೆ ಅವಳು ದಿನಾ ಹುಣಸೆಹಣ್ಣು ಹಚ್ಚಿ ಕೊಡ ಬೆಳಗಿದಳು. ಇಷ್ಟು ಹುಣಸೆಹಣ್ಣು ಎಲ್ಲಿ ಹೋಗುತ್ತಿದೆ ಎಂದು ತಾಯಿ ಸಕೀನಾಬಿ ಡಬ್ಬಿ ಅಲ್ಲಾಡಿಸಿ ನೋಡುತ್ತಿದ್ದಳು.

ಆಮೇಲೆ ಆ ವಿಡಿಯೋ ಬಂತು.

ಯಾರೋ ಓಣಿಯ ತುದಿಯಲ್ಲಿ ನಿಂತು ಮೊಬೈಲಿನಲ್ಲಿ ಹಿಡಿದದ್ದು. ಪಾಳಿಯಲ್ಲಿ ನಿಂತವರ ಮುಖಗಳ ಮೇಲೆ, ನಮ್ಮ ಊರಿಗೆ ಎಲ್ಲೆಲ್ಲಿಂದ ಬಂದು ತುಂಬಿಕೊಂಡಿದ್ದಾರೆ ನೋಡಿ ಎಂಬ ದನಿ. ಮುಂದಿನ ನೀರಿನ ದಿನ ಸಿಲ್ವರ್ ಹಂಡೆ ಕಾಣಲಿಲ್ಲ. ಅದರ ಮುಂದಿನ ಸಲ ಜೋಡಿ ಬಿಂದಿಗೆಯೂ ಇಲ್ಲ, ಎಣ್ಣೆ ಕ್ಯಾನೂ ಇಲ್ಲ. ಶಮಶೇರಸಾಬ ಯಾರ ಕೊಡವನ್ನೂ ಎತ್ತಿರಲಿಲ್ಲ. ಅವರೇ ಎತ್ತಿಕೊಂಡು ಹೋಗಿದ್ದರು. ಪಾಳಿ ಗಿಡ್ಡವಾದಷ್ಟೂ ನೀರು ಬೇಗ ಸಿಗತೊಡಗಿತು, ಆದರೂ ಯಾರಿಗೂ ಅದು ಖುಷಿ ಕೊಡಲಿಲ್ಲ. ಶಬನಮ್ ದಿನಾ ಎದ್ದ ಕೂಡಲೇ ಮೊದಲು ತೌಹೀದನ ಖೋಲಿಯ ಮುಂದಿನ ನೀಲಿ ಕೊಡ ನೋಡುತ್ತಿದ್ದಳು.

ಮತ್ತೊಮ್ಮೆ ನೀರು ಬರುವ ಹಿಂದಿನ ದಿನ. ತೌಹೀದ ಕೊಡವನ್ನು ಪಾಳಿಗಿಟ್ಟು ಬ್ಯಾಡಗಿಗೆ ಕೆಲಸಕ್ಕೆ ಹೋಗಿದ್ದ. ಮಧ್ಯಾಹ್ನ ಓಣಿಗೆ ಬೈಕ್‌ಗಳು ಬಂದವು. ಮುಂದಿನ ಬೈಕಿನಲ್ಲಿದ್ದ ವಿಜಯಮಹಾಂತೇಶ ಶಬನಮ್‌ಳ ಜೊತೆ ಶಾಲೆ ಕಲಿತವನು. ಅವಳ ಡಬ್ಬಿಯಿಂದ ಉಪ್ಪಿನಕಾಯಿ ಕೇಳಿ ತಿಂದವನು. ಅವನು ಅವಳನ್ನು ಹೊಸಬಳ ಹಾಗೆ ನೋಡಿದ. ನೀಲಿ ಕೊಡದ ಕಡೆ ಬೆರಳು ಮಾಡಿ, ಇದೇನಾ ಆ ಬಂಗಾಲಿಯದು ಎಂದು ಕೇಳಿದ. ನಾಳೆ ನೀರು ಬಿಡುವ ಹೊತ್ತಿಗೆ ಬರುತ್ತೇವೆ, ಹೊರಗಿನವರು ಇನ್ನೂ ಯಾರಿದ್ದಾರೆ ಊರಿಗೆಲ್ಲ ತೋರಿಸುತ್ತೇವೆ ಎಂದು ಹೇಳಿ ಹೋದರು.

ಕೊಡ ಇಲ್ಲದಿದ್ದರೆ ಮನುಷ್ಯನೂ ಇಲ್ಲ, ನೋಡಿ ಹೋಗುತ್ತಾರೆ ಎಂದುಕೊಂಡು ಅವಳು ನೀಲಿ ಕೊಡವನ್ನು ಎತ್ತಿ ತನ್ನ ಮಂಚದ ಕೆಳಗೆ ತಳ್ಳಿದಳು. ತೌಹೀದ ಬಂದ ಮೇಲೆ ಹೇಳಿದರಾಯಿತು ಎಂದು ಬೀಜದ ಕಂಪನಿಯ ಕೆಲಸಕ್ಕೆ ಹೋದಳು. ಅಲ್ಲಿ ಮೆಣಸಿನ ಬೀಜ ಆರಿಸುವ ಕೆಲಸ. ಬಣ್ಣ ಬೇರೆ ಕಂಡ ಬೀಜವನ್ನು ತೆಗೆದು ಹಾಕಬೇಕು. ಆವತ್ತು ಅವಳ ಕೈ ಓಡಲೇ ಇಲ್ಲ. ಮೇಲಿನವರು ಬೈದು ಹೆಚ್ಚು ಹೊತ್ತು ಕೂರಿಸಿದರು.

ಸಂಜೆ ಮನೆಗೆ ಬಂದರೆ ಕಿಟಕಿಯ ಮೇಲೆ ತೌಹೀದನ ಖೋಲಿಯ ಕೀಲಿ. ಅವನ ಕೊಡ ನಾನು ಮುಟ್ಟಿಲ್ಲವಲ್ಲ, ಯಾಕೆ ಹೋದ ಎಂದು ಶಮಶೇರಸಾಬ ಗಡ್ಡ ನೀವಿಕೊಳ್ಳುತ್ತಿದ್ದ. ಪಾಳಿಯಲ್ಲಿ ಕೊಡ ಕಾಣದಿದ್ದರೆ ಅವನು ಏನೆಂದು ತಿಳಿಯುತ್ತಾನೆ ಎಂಬುದನ್ನು, ನೇಮ ಕಲಿಸಿದ ಶಬನಮ್ ತಾನೇ ಮರೆತಿದ್ದಳು. ಬಂದ ಕಾಲಲ್ಲೇ ಹೊರಗೆ ಓಡಿ ಸ್ಟೇಷನ್ನಿಗೆ ಆಟೋ ಹತ್ತಿದಳು.

ಹುಬ್ಬಳ್ಳಿ ಗಾಡಿಗೆ ಕಾಯುತ್ತ ಅವನು ಬೆಂಚಿನ ಮೇಲೆ ಚೀಲ ತಬ್ಬಿಕೊಂಡು ಕೂತಿದ್ದ.

“ಸಾಹೇಬ್ರು ನನ್ನ ಕೊಡ ತೆಗದಾರ್ರಿ,” ಅಂದ, ಅವಳ ಕಡೆ ನೋಡದೆ.

“ಅಬ್ಬಾ ಅಲ್ಲ. ನಾನ ತೆಗದೇನಿ.”

ಈಗ ನೋಡಿದ. ಆ ನೋಟವನ್ನು ತಾಮ್ರದ ಕೊಡದಲ್ಲಿ ಅವಳು ಒಮ್ಮೆಯೂ ಕಂಡಿರಲಿಲ್ಲ.

“ಅಂಜಿಕಿ ಬಂತು ತೌಹೀದ. ನೀ ಇಲ್ಲ ಅಂತ ತಿಳದ್ರ ಅವರು ಹೊಳ್ಳಿ ಹೋಗ್ತಾರ ಅನಕೊಂಡೆ.”

“ಇದ್ದೂ ಇಲ್ಲದಂಗ ಹೆಂಗ ಇರೂದ್ರಿ? ಅದಕ್ಕಿಂತ ಹೋಗೂದು ಚಲೋ ಅಲ್ಲೇನ್ರಿ?”

ಅವಳಿಗೆ ಅಳು ಒತ್ತರಿಸಿ ಬಂತು. ಹೌದು, ಬೈಕಿನವರು ಮಾಡಬೇಕೆಂದಿದ್ದ ಕೆಲಸವನ್ನು ಅವರಿಗಿಂತ ಮೊದಲು ತಾನೇ ಮಾಡಿದ್ದಳು.

“ನಾಳೆ ನಿನ್ನ ಕೊಡ ನನ್ನ ಕೊಡದ ಮುಂದ ಇಡತೇನಿ. ಮೊದಲನೇ ದಿನ ನೀ ಎಲ್ಲಿ ಇಟ್ಟಿದ್ದಿ, ಅಲ್ಲೇ. ನೀ ಇರದಿದ್ರ ನನಗ ಅನ್ನ ಸೇರೂದಿಲ್ಲ. ಇದನ್ನ ಯಾವ ಭಾಷಾದಾಗ ಹೇಳ್ಲಿ ನಿನಗ?”

ಅವನು ಬರುತ್ತೇನೆ ಅನ್ನಲಿಲ್ಲ. ಬರುವುದಿಲ್ಲ ಅಂತಲೂ ಅನ್ನಲಿಲ್ಲ. ಅವಳು ಕಣ್ಣೊರೆಸಿಕೊಂಡು ಹೊರಬಿದ್ದಾಗ ಬೆನ್ನ ಹಿಂದೆ ಗಾಡಿ ಬಂದು ನಿಂತ ಸಪ್ಪಳವಾಯಿತು.

ಬೆಳಗಾಯಿತು. ನಳ ಇನ್ನೂ ಗೊರಗೊರ ಅನ್ನುತ್ತಿತ್ತು. ಪಾಳಿಯಲ್ಲಿ ಉಳಿದದ್ದೇ ಕೆಲವು ಕೊಡ; ಎಲ್ಲಕ್ಕಿಂತ ಮುಂದೆ ನೀಲಿಯದು. ಬೈಕುಗಳು ಬಂದವು, ಮೊಬೈಲುಗಳು ಮೇಲೆದ್ದವು. ಈ ಕೊಡ ಯಾರದು ಎಂದು ವಿಜಯಮಹಾಂತೇಶ ಎಲ್ಲರಿಗೂ ಕೇಳುವಂತೆ ಕೇಳಿದ. ನೇಪಾಳಿ ನೆಲ ನೋಡಿದ. ಫಕ್ಕೀರವ್ವ ಸೆರಗು ಬಾಯಿಗೆ ಹಿಡಿದಳು.

“ನಮ್ಮ ಮನೀದು,” ಅಂದಳು ಶಬನಮ್. “ನಾ ಲಗ್ನ ಆಗಾಂವಂದು.”

ಬಾಗಿಲಲ್ಲಿ ನಿಂತಿದ್ದ ಸಕೀನಾಬಿ ಚೌಕಟ್ಟು ಹಿಡಿದುಕೊಂಡಳು. ಶಮಶೇರಸಾಬ ಮಗಳನ್ನು ನೋಡಿದ, ಮೊಬೈಲುಗಳನ್ನು ನೋಡಿದ. ಬಂದು, ಬಗ್ಗಿ, ನೀಲಿ ಕೊಡವನ್ನು ಪಾಳಿಯಿಂದ ಎತ್ತಿದ.

ಅದರ ಅರ್ಥ ಚಾಳಕ್ಕೆಲ್ಲ ಗೊತ್ತಿತ್ತು.

ಶಮಶೇರಸಾಬ ಕೊಡವನ್ನು ಪಕ್ಕಕ್ಕೆ ಇಡಲಿಲ್ಲ. ನಳದ ಕೆಳಗೆ ಇಟ್ಟ. ಗೊರಗುಡುತ್ತಿದ್ದ ನಳದಿಂದ ನೀರು ಬಂತು.

“ಹಿಂದಿನ ಕೊಡ ಮುಂದ ಸರಸ್ರಿ,” ಅಂದ, ಪ್ರತಿ ಸಲ ಅನ್ನುವ ಹಾಗೆಯೇ. ಫಕ್ಕೀರವ್ವ ತನ್ನ ಸೊಟ್ಟ ಕೊಡವನ್ನು ಸದ್ದು ಮಾಡುತ್ತ ಮುಂದೆ ಎಳೆದಳು.

ಆಗ ಓಣಿಯ ತುದಿಯಲ್ಲಿ ಚೀಲ ಹೆಗಲಿಗೇರಿಸಿದ ತೌಹೀದ ಕಂಡ. ರಾತ್ರಿಯೆಲ್ಲ ಬೆಂಚಿನ ಮೇಲೆ ಕಳೆದವನ ಮುಖ. ಬೈಕುಗಳನ್ನು ದಾಟಿಯೇ ಬರಬೇಕಿತ್ತು. ಮೊಬೈಲುಗಳೆಲ್ಲ ಒಟ್ಟಿಗೆ ಅವನ ಕಡೆ ತಿರುಗಿದವು. ಅವನ ಕಾಲು ಒಂದು ಗಳಿಗೆ ತಡೆಯಿತು.

ಇಷ್ಟು ದಿನ ಅವನಿಗೆ ‘ನೀ’ ಅಂತಲೇ ಅನ್ನುತ್ತಿದ್ದ ಶಬನಮ್, ಎಲ್ಲರ ಮುಂದೆ, ಹೆಂಡತಿಯಾದವಳು ಗಂಡನನ್ನು ಕರೆಯುವ ಹಾಗೆ ಕರೆದಳು.

“ಲಗೂ ಬರ್ರಿ. ಕೊಡ ತುಂಬಾಕತ್ತೈತಿ.”

ಅವನು ಬೈಕುಗಳ ನಡುವೆ ನಡೆದು ಬಂದ. ಯಾರೂ ದಾರಿ ಬಿಡಲಿಲ್ಲ, ಯಾರೂ ತಡೆಯಲೂ ಇಲ್ಲ. ತುಂಬಿದ ಕೊಡಕ್ಕೆ ಇಬ್ಬರೂ ಕೈ ಹಾಕಿದರು. ಒಡೆದ ಬಾಯಿಯಿಂದ ನೀರು ಚೆಲ್ಲಿ ಇಬ್ಬರ ಕಾಲೂ ತೊಯ್ದವು. ಮೊಬೈಲುಗಳು ಇನ್ನೂ ಕೆಳಗಿಳಿದಿರಲಿಲ್ಲ.