ಜಾಳು ಬಟ್ಟೆ

ಶೇಖರಮ್ಮ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಲಾಳಿ ಎಸೆಯುತ್ತಿದ್ದಳು. ಯುದ್ಧ ಶುರುವಾದ ಮೇಲೆ ಭಾಗ್ಯನಗರದ ಅವರ ಮನೆಯಲ್ಲಿ ಸೀರೆಗಿಂತ ಫೌಜಿನ ಪಟ್ಟಿ ಬಟ್ಟೆಯ ಕೆಲಸವೇ ಹೆಚ್ಚು. ಗಾಯಕ್ಕೆ ಕಟ್ಟುವ ಬಟ್ಟೆ, ಎಳೆ ಬಿಡಿಬಿಡಿಯಾಗಿ, ಜಾಳಾಗಿ ನೇಯಿರಿ ಎಂದು ಫೌಜಿನವರು ಹೇಳಿದ್ದರು. ಕೈ ಕೇಳಬೇಕಲ್ಲ... ಜಾಳು ನೇಯ್ದರೆ ನೇಕಾರರ ಮನೆಯ ಮರ್ಯಾದೆ ಏನಾಗಬೇಕು?

"ಅಷ್ಟು ಬಿಗಿ ಹೊಡಿಬ್ಯಾಡ."

ಬಾಗಿಲಲ್ಲಿ ಕೊಟ್ರಪ್ಪ ನಿಂತಿದ್ದ. ಸೋದರತ್ತೆಯ ಮಗ, ಅವಳಿಗೆ ಗೊತ್ತುಮಾಡಿದ ಗಂಡು. ಬರ್ಮಾ ಗಡಿಯಲ್ಲಿ ಗಾಯಗೊಂಡು ರಜೆಯ ಮೇಲೆ ಬಂದಿದ್ದ.

ಇಷ್ಟು ದಿನಗಳ ಮೇಲೆ ಆಡಿದ ಮೊದಲ ಮಾತು ಇದೇ?

"ಕೈಕಾಲು ತೊಳಕೊಳ್ಳೂದಕ್ಕಿಂತ ಮೊದಲ ತಪ್ಪು ಹುಡುಕಬೇಕೇನ್ರಿ?"

ಅಪ್ಪ ಅಮರಪ್ಪ ಒಳಗಿನಿಂದ ನಕ್ಕ. "ನೋಡಪಾ ಅಳಿಯಾ, ಲಗ್ನಕ್ಕಿಂತ ಮೊದಲ ಸುರು ಆತು. ರಜಾ ಮುಗಿಯೂದ್ರೊಳಗ ಅಕ್ಕಿಕಾಳು ಹಾಕಿಬಿಡೂಣು."

"ಈಗ ಬ್ಯಾಡ ಮಾವಾ. ಲಡಾಯಿ ಮುಗೀಲಿ."

ಲಾಳಿ ನಿಂತಿತು. ಅಪ್ಪ ನೀರು ತರಲು ಹಿತ್ತಿಲಿಗೆ ಹೋದ.

'ಅಲ್ಲಿ ಯಾರೋ ಇದ್ದಾಳೆ...' ಎಂದುಕೊಂಡಳು ಶೇಖರಮ್ಮ.

"ಯಾರ್ರಿ ಆಕಿ?"

ಕೊಟ್ರಪ್ಪ ಕುಂಟುತ್ತ ಬಂದು ಮಗ್ಗದ ಅಂಚಿಗೆ ಕುಳಿತ. "ಇದ್ಲು ಒಬ್ಬಾಕಿ."

ಅವಳು ಲಾಳಿಯನ್ನು ಪಕ್ಕಕ್ಕಿಟ್ಟಳು.

"ಧಾರವಾಡ ಕಡೀ ನರ್ಸಮ್ಮ. ಮೈಮ್ಯಾಲೆ ಖಾಕಿ. ನನ್ನ ತೊಡಿ ಸೀಳಿತ್ತು. ಕಟ್ಟೂ ಪಟ್ಟಿ ಭಾಳ ಬಿಗಿ, ರಕ್ತ ಹೀರವಲ್ದು. ಬ್ಯಾರೆ ಬಟ್ಟಿ ಇರಲಿಲ್ಲ. ಆಕಿ ಡೇರೆದಾಗ ಕೂತು ಒಂದೊಂದ ಎಳಿ ಕಿತ್ತು ಅದನ್ನ ಜಾಳು ಮಾಡಿದ್ಲು. ಮ್ಯಾಲೆ ವಿಮಾನ ತಿರುಗತಿದ್ವು. ತಲಿ ಎತ್ತಲಿಲ್ಲ."

"ಎಲ್ಲಾರಿಗೂ?"

"ಆಕಿಗೂ ಎರಡ ಕೈ. ಬಾಜೂಕ ಇದ್ದವನ ಪಾಳಿ ಬರೂದ್ರೊಳಗ..."

ಶೇಖರಮ್ಮ ತಾನು ನೇಯ್ದ ಬಟ್ಟೆಯ ಅಡಿಗೆ ಅಂಗೈ ಹಿಡಿದಳು. ಕೈಯ ನೆರಳೂ ಕಾಣಲಿಲ್ಲ. ಎಷ್ಟು ಹೆಮ್ಮೆಯಿಂದ ಬಡಿದಿದ್ದಳು!

"ಆಕಿಗೆ ಅಂಜಿಕಿ ಇರಲಿಲ್ಲೇನು?"

"ಕೇಳಿದ್ನಿ. ಕೈಗೆ ಕೆಲಸ ಐತಲ್ಲಪ್ಪ, ಅಂದ್ಲು."

ಅಷ್ಟು ದೊಡ್ಡ ಯುದ್ಧದ ನಡುವೆ ಒಂದು ಹೆಣ್ಣು ಎಳೆ ಬಿಡಿಸುತ್ತ ಕುಳಿತಿದ್ದಾಳೆ... ಹೊಟ್ಟೆಕಿಚ್ಚು ಯಾವಾಗ ಕರಗಿತೋ ಶೇಖರಮ್ಮನಿಗೇ ತಿಳಿಯಲಿಲ್ಲ.

"ಮತ್ತ ಲಗ್ನ ಯಾಕ ಬ್ಯಾಡ?"

"ನಾ ತಿರುಗಿ ಬರಲಿಲ್ಲ ಅಂದ್ರ ನಿನ್ನ ಹಣಿ ಬರಿದಾಗತೈತಿ. ನೀ ಅಂದ್ರ ನನಗ ಜೀವ. ಅದಕ್ಕ."

"ಇದನ್ನ ಮೊದಲ ಹೇಳಬೇಕ್ರಿ. ಬಂದ ಕೂಡ್ಲೆ ಬಿಗಿ, ಸಡಲ ಅಂದ್ರ ನಾ ಏನು ತಿಳ್ಕೊಳ್ಳಲಿ?"

ಕೊಟ್ರಪ್ಪ ನಕ್ಕುಬಿಟ್ಟ. ಅವಳು ನಗಲಿಲ್ಲ.

"ಅಂಥಾ ಕೆಲಸಕ್ಕ ನೇಕಾರ ಮನಿಯವರ್ನ ತೊಗೊಂತಾರೇನು?"

"ಬಳ್ಳಾರಿಯಾಗ ಹೆಸರು ಬರಸಿದ್ರ ಅವರ ಕಲಿಸ್ತಾರ. ಯಾಕ?"

"ಸುಮ್ಮ ಕೇಳಿದ್ನಿ."

ಅವಳು ಲಾಳಿ ಎಸೆದು ಮೆಲ್ಲಗೆ ಬಡಿದಳು. ಮತ್ತೊಮ್ಮೆ, ಇನ್ನೂ ಮೆಲ್ಲಗೆ. ಎಳೆಗಳ ನಡುವೆ ಬೆಳಕು ಬಂತು.

"ನಾ ಬರೂತನಕ ಕಾಯ್ತಿ?"

"ನಿಮ್ಮನ್ನ ಬಿಟ್ಟು ಯಾರನ್ನ ಮಾಡ್ಕೊಳ್ಳಲಿ?"

ಅವನ ಮುಖ ಅರಳಿತು. ಹಿತ್ತಿಲಿನಿಂದ ಅಪ್ಪ ನೀರು ತಂದ.

ಈ ಹಾಸಿನ ಬಟ್ಟೆ ನೇಯ್ದು ಮುಗಿದು ಮಗ್ಗದಿಂದ ಇಳಿದ ದಿನವೇ ಹೆಸರು ಬರೆಸಲು ಬಳ್ಳಾರಿಗೆ ಹೋಗುವುದೆಂದು ಅವಳ ಮನಸ್ಸು ಗಟ್ಟಿಯಾಗಿತ್ತು. ಅಪ್ಪನಿಗೆ ಹೇಳಲಿಲ್ಲ. ಕೊಟ್ರಪ್ಪನಿಗೂ ಹೇಳಲಿಲ್ಲ.